ಟ್ಯಾಗ್ ಕೂಗುತ್ತದೆ, ಕೇಳಿಸಿಕೊಳ್ಳುವವರು ಯಾರು?

ಪ್ರಶ್ನೆ: ನಮ್ಮ ಹತ್ತಿರ ಇನ್ನೂರು ಕೆಂಗುರಿ ಇವೆ. ಸುಗ್ಗಿ ಮುಗಿದ ಮೇಲೆ ಹೊಲದಿಂದ ಹೊಲಕ್ಕೆ ಹಿಂಡು ಹೊಡೆದುಕೊಂಡು ಹೋಗುತ್ತೇವೆ. ರಾತ್ರಿ ಕಳ್ಳರ ಕಾಟ ಜಾಸ್ತಿ. ಕೀಲಿಕೈಗೆ ಹಾಕುವ ಬ್ಲೂಟೂತ್ ಟ್ಯಾಗ್ ಕುರಿಗೆ ಕಟ್ಟಿ, ಎಲ್ಲಿದ್ದರೂ ಗೊತ್ತಾಗುತ್ತದೆ ಎಂದು ಮೊಬೈಲ್ ಅಂಗಡಿಯವರು ಹೇಳುತ್ತಾರೆ. ಒಂದಿಪ್ಪತ್ತು ತಗೊಳ್ಳಲೇ ಸರ್?
– ಕುರಿಗಾರರೊಬ್ಬರು, ಸುರಪುರ ತಾಲೂಕು

ಉತ್ತರ: ಬೇಡ ಅಣ್ಣಾರೇ, ದುಡ್ಡು ಉಳಿಸಿಕೊಳ್ಳಿ. ತಾನು ಎಲ್ಲಿದ್ದೇನೆ ಅನ್ನುವುದು ಆ ಟ್ಯಾಗ್‌ಗೇ ಗೊತ್ತಿರುವುದಿಲ್ಲ. ಒಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಒಂದು ಗುಂಡಿ ಬ್ಯಾಟರಿಯ ಮೇಲೆ ಆಗಾಗ ತನ್ನ ನಂಬರ್ ಕೂಗುತ್ತಿರುತ್ತದೆ, ಅಷ್ಟೇ. ಹತ್ತಿರದಲ್ಲಿ ಹೋಗುವ ಯಾರದೋ ಫೋನ್ ಅದನ್ನು ಕೇಳಿಸಿಕೊಂಡು, ತಾನಿರುವ ಜಾಗವನ್ನು ಕಂಪನಿಯ ಸರ್ವರ್‌ಗೆ ತಿಳಿಸುತ್ತದೆ. ನಿಮ್ಮ ಮೊಬೈಲ್‌ನಲ್ಲಿ ಕಾಣುವುದು ಆ ಫೋನ್ ಇದ್ದ ಜಾಗ. 2021ರಲ್ಲಿ ಬಂದ ಆ್ಯಪಲ್ ಏರ್‌ಟ್ಯಾಗ್ ನಡೆಯುವುದೂ ಹೀಗೇ, ಅದೂ ಆ್ಯಪಲ್ ಸಾಧನಗಳ ಮೂಲಕ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬ್ಯಾಗ್ ಮರೆತು ಬಂದರೆ ಸಿಗಬಹುದು. ರಾತ್ರಿ ಎರಡು ಗಂಟೆಗೆ ತೊಗರಿ ಕೊಯ್ದ ಹೊಲದಲ್ಲಿ ಐಫೋನ್ ಹಿಡಿದು ಯಾರು ತಿರುಗುತ್ತಾರೆ? ಕಳ್ಳರ ಹತ್ತಿರ ಇದ್ದರೆ ಇರಬೇಕು. ಇದ್ದರೂ ಕಷ್ಟವೇ. ಬೇರೆ ಯಾರದೋ ಟ್ಯಾಗ್ ನಿಮ್ಮ ಜೊತೆ ಬರುತ್ತಿದೆ ಎಂದು ಅವರ ಫೋನ್‌ಗೇ ಎಚ್ಚರಿಕೆ ಹೋಗುತ್ತದೆ. ಹೆಣ್ಣುಮಕ್ಕಳನ್ನು ಕದ್ದುಮುಚ್ಚಿ ಹಿಂಬಾಲಿಸುವವರನ್ನು ತಡೆಯಲು ಮಾಡಿದ ಏರ್ಪಾಡು ಅದು, ಇರಲೇಬೇಕು. ಆದರೆ ಕುರಿ ಕಳ್ಳರಿಗೂ ಅದರ ಲಾಭ ಸಿಗುತ್ತದೆ.

ನಿಮಗೆ ಬೇಕಾಗಿರುವುದು ಎರಡು. ಜಾಗ ತಿಳಿಯಲು ಜಿಪಿಎಸ್, ತಿಳಿದದ್ದನ್ನು ನಿಮಗೆ ಮುಟ್ಟಿಸಲು ರೇಡಿಯೊ. ನೆಟ್‌ವರ್ಕ್ ಸಿಗುವ ಕಡೆ ಸಿಮ್ ಇರುವ ಕೊರಳಪಟ್ಟಿ ಸಾಕು. ಸಿಗದ ಕಡೆ ಲೋರಾ ರೇಡಿಯೊ ನೋಡಿ, ಕಡಿಮೆ ಬ್ಯಾಟರಿಯಲ್ಲಿ ದೂರ ಮುಟ್ಟುವ ರೇಡಿಯೊ ಅದು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಜ್ ಬ್ಯಾಂಡಿನಲ್ಲಿ ಅದನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಸ್ವಲ್ಪ ಎತ್ತರದಲ್ಲಿ ಗೇಟ್‌ವೇ (ಪಟ್ಟಿಗಳ ಸಂದೇಶ ಹಿಡಿದು ಇಂಟರ್‌ನೆಟ್‌ಗೆ ದಾಟಿಸುವ ಪೆಟ್ಟಿಗೆ) ಇಟ್ಟರೆ ನಮ್ಮಂಥ ಬಯಲು ಸೀಮೆಯಲ್ಲಿ ಕೆಲವು ಕಿಲೋಮೀಟರ್ ಸಲೀಸಾಗಿ ಮುಟ್ಟುತ್ತದೆ. ಆದರೆ ಲೋರಾದಲ್ಲಿ ಫೋಟೊ, ಮಾತು ಏನೂ ಹೋಗುವುದಿಲ್ಲ, ಚಿಕ್ಕ ಚಿಕ್ಕ ಸಂದೇಶ ಮಾತ್ರ. ನಿಮಗೂ ಬೇಕಿರುವುದು ಅಷ್ಟೇ ಅಲ್ವಾ?

ಇನ್ನೂರಕ್ಕೂ ಜಿಪಿಎಸ್ ಕಟ್ಟಬೇಕಾಗಿಲ್ಲ. ಕುರಿ ಹಿಂಡು ಬಿಟ್ಟು ಹೋಗುವ ಪ್ರಾಣಿಯಲ್ಲ. ಮುಂದೆ ನಡೆಯುವ ಟಗರು, ಹಿಂದೆ ಉಳಿಯುವ ಒಂದೆರಡು, ನಡುವೆ ಎರಡು, ಹೀಗೆ ನಾಲ್ಕೈದಕ್ಕೆ ಕಟ್ಟಿ. ಉಳಿದವುಗಳಲ್ಲಿ ಬೇಕಾದಷ್ಟಕ್ಕೆ ಬರೀ ನಂಬರ್ ಕೂಗುವ ಅಗ್ಗದ ಬ್ಲೂಟೂತ್ ಬೀಕನ್ ಸಾಕು. ಜಿಪಿಎಸ್ ಇರುವ ಪಟ್ಟಿಯೇ ಅವುಗಳ ಕೂಗು ಕೇಳಿ, ‘ಇಂಥ ನಂಬರ್ ನನ್ನ ಹತ್ತಿರ ಇದೆ’ ಎಂದು ಲೋರಾದಲ್ಲಿ ಕಳಿಸುತ್ತದೆ. ಜಾಗ ಗೊತ್ತಿರುವ ಕೆಲವರಿಂದ ಗೊತ್ತಿಲ್ಲದ ಹಲವರ ಜಾಗ ಹುಡುಕುವ ಈ ದಾರಿಯೇ ಸೆನ್ಸರ್ ನೆಟ್‌ವರ್ಕ್‌ನ, ಅಂದರೆ ರೇಡಿಯೊದಲ್ಲಿ ಮಾತಾಡಿಕೊಳ್ಳುವ ಪುಟ್ಟ ಸಾಧನಗಳ ಜಾಲದ, ಅರ್ಧ ಕಥೆ. ಜಾಗ ಗೊತ್ತಿರುವ ಸಾಧನಕ್ಕೆ ಆ್ಯಂಕರ್ ಅನ್ನುತ್ತಾರೆ. ಪ್ರಾಣಿಯಿಂದ ಪ್ರಾಣಿಗೆ ಸುದ್ದಿ ದಾಟಿಸುವುದೂ ಹೊಸದಲ್ಲ. 2004ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಕೆನ್ಯಾದಲ್ಲಿ ಜೀಬ್ರಾಗಳ ಕೊರಳಿಗೆ ಪಟ್ಟಿ ಕಟ್ಟಿದ್ದರು. ಎರಡು ಜೀಬ್ರಾ ಹತ್ತಿರ ಬಂದಾಗ ಪಟ್ಟಿಗಳು ತಮ್ಮ ಮಾಹಿತಿ ಬದಲಾಯಿಸಿಕೊಳ್ಳುತ್ತಿದ್ದವು. ಒಂದು ಸಿಕ್ಕರೂ ಸಾಕು, ಅದು ಭೇಟಿಯಾದ ಬೇರೆಯವುಗಳ ಸುದ್ದಿಯೂ ಕೈಗೆ ಬರುತ್ತಿತ್ತು.

ಬ್ಯಾಟರಿ ತಿನ್ನುವುದು ಜಿಪಿಎಸ್. ಅರ್ಧ ಗಂಟೆಗೊಮ್ಮೆ ಎದ್ದು ಜಾಗ ನೋಡಿ ಮತ್ತೆ ಮಲಗುವಂತೆ ಇಡಿಸಿ. ರಾತ್ರಿ ಮಾತ್ರ ಬೇರೆ ಲೆಕ್ಕ. ಪಟ್ಟಿಯಲ್ಲಿ ಅಲುಗಾಟ ತಿಳಿಯುವ ಸೆನ್ಸರ್ ಇರಬೇಕು. ದೊಡ್ಡಿಯಲ್ಲಿರಬೇಕಾದ ಕುರಿ ನಡೆಯತೊಡಗಿದರೆ ತಕ್ಷಣ ಫೋನ್ ಬಡಿಯಬೇಕು. ಕಳ್ಳತನಕ್ಕೆ ನಕ್ಷೆಗಿಂತ ಆ ಗಂಟೆಯೇ ದೊಡ್ಡದು. ಕೊಳ್ಳುವಾಗ ಈ ಒಂದನ್ನು ಅಂಗಡಿಯಲ್ಲೇ ಅಲುಗಾಡಿಸಿ ನೋಡಿ ತಗೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ವರಾಂಡದಲ್ಲಿ ಮೂರು ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್) ಇಟ್ಟು, ಸಿಗ್ನಲ್ ಬಲದಿಂದ ನಾಲ್ಕನೆಯದರ ಜಾಗ ಹುಡುಕುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ನಿಂತಲ್ಲೇ ನಿಂತರೂ ಒಮ್ಮೆ 3 ಮೀಟರ್, ಒಮ್ಮೆ 9 ಮೀಟರ್ ತೋರಿಸುತ್ತದೆ. ಕೋಡ್ ತಪ್ಪಾ ಸರ್?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕೋಡ್ ಸರಿಯಾಗಿಯೇ ಇರಬಹುದು ತಂಗಿ, ವರಾಂಡ ಸರಿ ಇಲ್ಲ. ಅಡೆತಡೆ ಇಲ್ಲದ ಬಯಲಲ್ಲಿ ದೂರ ಎರಡರಷ್ಟಾದರೆ ಸಿಗ್ನಲ್ 6 ಡೆಸಿಬೆಲ್, ಅಂದರೆ ಕಾಲು ಭಾಗಕ್ಕೆ, ಇಳಿಯುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ವರಾಂಡದಲ್ಲಿ ನೆಲ, ಗೋಡೆ, ಕಬ್ಬಿಣದ ಗ್ರಿಲ್ ಎಲ್ಲಕ್ಕೂ ಬಡಿದು ಅಲೆ ವಾಪಸ್ ಬರುತ್ತದೆ. 2.4 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಬೋರ್ಡನ್ನು ನಾಲ್ಕು ಬೆರಳು ಸರಿಸಿದರೂ ಈ ಅಲೆಗಳು ಒಂದಕ್ಕೊಂದು ಕೂಡಬಹುದು, ಇಲ್ಲವೇ ಕೊಂದುಕೊಳ್ಳಬಹುದು. ಹಿಂದೆ ಯಾರಾದರೂ ನಡೆದು ಹೋದರೂ ಅಷ್ಟೇ. ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ, ನೀರು ಈ ಅಲೆಯನ್ನು ಕುಡಿದುಬಿಡುತ್ತದೆ.

ಒಂದು ಅನುಮಾನ. ಮೂರೂ ಬೋರ್ಡನ್ನು ಒಂದೇ ಗೋಡೆಗೆ ಸಾಲಾಗಿ ಇಟ್ಟಿದ್ದೀರಾ? ಹಾಗಿದ್ದರೆ ದೂರ ಕರಾರುವಾಕ್ಕಾಗಿ ಸಿಕ್ಕರೂ ಉತ್ತರ ಎರಡು ಬರುತ್ತದೆ, ಗೋಡೆಯ ಈಚೆ ಒಂದು, ಆಚೆ ಒಂದು. ಆ್ಯಂಕರ್‌ಗಳು ತ್ರಿಕೋನದಲ್ಲಿರಬೇಕು, ಹುಡುಕುವ ವಸ್ತು ಅದರೊಳಗೆ ಬರಬೇಕು.

ದೂರದ ಸೂತ್ರವನ್ನೇ ಬಿಟ್ಟು ಇನ್ನೊಂದು ದಾರಿ ಹಿಡಿಯಿರಿ. ಮೊದಲು ನೆಲಕ್ಕೆ ಸೀಮೆಸುಣ್ಣದಿಂದ ಮೀಟರಿಗೊಂದು ಗುರುತು ಹಾಕಿ. ಪ್ರತಿ ಗುರುತಿನಲ್ಲೂ ಮೂರು ಬೋರ್ಡ್‌ಗಳ ಸಿಗ್ನಲ್ ಹಲವು ಸಲ ಅಳೆದು ಸರಾಸರಿ ಬರೆದಿಡಿ. ಆಮೇಲೆ ಹೊಸ ಅಳತೆ ಯಾವ ಗುರುತಿಗೆ ಹತ್ತಿರ ಎಂದು ನೋಡಿ. ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ವಿಕ್ಟರ್ ಬಾಹ್ಲ್ ಮತ್ತು ವೆಂಕಟ ಪದ್ಮನಾಭನ್ 2000ರಲ್ಲೇ ಕಟ್ಟಡದೊಳಗೆ ಇದನ್ನು ಮಾಡಿ, ಎರಡು ಮೂರು ಮೀಟರ್‌ನಷ್ಟು ನಿಖರತೆ ತೋರಿಸಿದ್ದರು. ಬೇಸರದ ಕೆಲಸ, ಆದರೆ ಎಕ್ಸಾಮಿನರ್ ಮುಂದೆ ನಿಲ್ಲುತ್ತದೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗ ಕೇಬಲ್ ಎಲ್ಲಿ ತುಂಡಾಗಿದೆ ಎಂದು ನೋಡುತ್ತಿದ್ದದ್ದು ಸಮಯದಿಂದ. ಪಲ್ಸ್ ಬಿಟ್ಟು, ವಾಪಸ್ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತಿದ್ದೆವು. ಹಾಗಾಗಿ ಸಿಗ್ನಲ್ ಬಲಕ್ಕಿಂತ ಸಮಯದ ಮೇಲೆಯೇ ನನಗೆ ನಂಬಿಕೆ ಜಾಸ್ತಿ. ರೇಡಿಯೊ ಅಲೆ ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ, ಅದನ್ನು ಅಳೆಯಲು ಚಿಪ್‌ನಲ್ಲೇ ಸೌಲಭ್ಯ ಬೇಕು. ಮೂಲ ಇಎಸ್‌ಪಿ32ರಲ್ಲಿ ಅದಿಲ್ಲ. ಇಎಸ್‌ಪಿ32-ಎಸ್2, ಇಎಸ್‌ಪಿ32-ಸಿ3ಗಳಲ್ಲಿ ವೈಫೈ ಎಫ್‌ಟಿಎಂ, ಅಂದರೆ ಸಿಗ್ನಲ್ ಹೋಗಿ ಬರುವ ಸಮಯ ಅಳೆಯುವ ಸೌಲಭ್ಯ, ಇದೆ. ಎರಡು ಬೋರ್ಡ್ ಸಾಲ ಸಿಕ್ಕರೆ ಎರಡೂ ವಿಧಾನ ಪಕ್ಕಪಕ್ಕ ಇಟ್ಟು ರಿಪೋರ್ಟ್ ಬರೆಯಿರಿ.

ಪ್ರಶ್ನೆ: ನೌಬಾದಿನ ಸುರಂಗ ಬಾವಿಯೊಳಗೆ (ನೆಲದಡಿ ನೀರು ಹರಿಸುವ ಹಳೆಯ ಕಾರೇಜ್) ಇಳಿದಾಗ ಮೊಬೈಲ್ ಮ್ಯಾಪಿನ ನೀಲಿ ಚುಕ್ಕೆ ಎಲ್ಲೆಲ್ಲೋ ಓಡಾಡಿತು. ಯಾಕೆ?
– ಪದವಿ ವಿದ್ಯಾರ್ಥಿ, ಬೀದರ್

ಉತ್ತರ: ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ನೆಲಕ್ಕೆ ಬರುವ ಹೊತ್ತಿಗೆ ಸಿಗ್ನಲ್ ತುಂಬಾ ಬಡವಾಗಿರುತ್ತದೆ, ಬೀದರಿನ ಕೆಂಪು ಜಂಬಿಟ್ಟಿಗೆ ತೂರಿ ಒಳಗೆ ಬರಲಾರದು. ಕಡಿಮೆ ಎಂದರೂ ನಾಲ್ಕು ಉಪಗ್ರಹ ಕಾಣಬೇಕು. ನಿಮಗೆ ಗಾಳಿಕಿಂಡಿಯಲ್ಲಿ ಒಂದು ಚೂರು ಆಕಾಶ ಕಂಡಿರಬೇಕು, ಅಷ್ಟೇ. ಆಗ ಫೋನ್ ಟವರ್ ನೋಡಿ ಅಂದಾಜು ಹೇಳುತ್ತದೆ, ಆ ಅಂದಾಜು ನೂರಾರು ಮೀಟರ್ ತಪ್ಪಬಹುದು. ಒಳಗಿನ ನಕ್ಷೆ ಬೇಕಿದ್ದರೆ ಒಂದೊಂದು ಗಾಳಿಕಿಂಡಿಯ ಬಾಯಲ್ಲಿ ಮೇಲೆ ನಿಂತು ಜಿಪಿಎಸ್ ಗುರುತು ಮಾಡಿಕೊಳ್ಳಿ, ಕೆಳಗೆ ಒಂದು ಕಿಂಡಿಯಿಂದ ಇನ್ನೊಂದಕ್ಕೆ ಟೇಪ್ ಹಿಡಿದು ಅಳೆಯಿರಿ. ಅನುಮತಿ ತಗೊಂಡೇ ಇಳಿಯಿರಿ, ಒಬ್ಬರೇ ಹೋಗಬೇಡಿ. ಒಳಗೆ ಫೋನ್ ಕರೆಯೂ ಹೋಗದೇ ಇರಬಹುದು.