ಎರಡು ವರ್ಷ ಆಯಿಲ್ ಬದಲಾಯಿಸದ ಕಾರು ತಿರುಪತಿಗೆ ಹೊರಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಅಪ್ಪನ ಕಾರಿನ ಇಂಜಿನ್ ಆಯಿಲ್ ಬದಲಾಯಿಸಿ ಎರಡು ವರ್ಷ ಆಗಿದೆ, 23,000 ಕಿ.ಮೀ. ಓಡಿದೆ. ಕಡಿಮೆ ಆದಾಗೆಲ್ಲ ಮೇಲಿಂದ ಹಾಕಿದ್ದೀರಿ. ಗಾಡಿ ಚೆನ್ನಾಗೇ ಇದೆ, ಮುಂದಿನ ವಾರ ಕಲಬುರಗಿಯಿಂದ ತಿರುಪತಿಗೆ ಹೋಗಬಹುದಾ ಅಂತ.

ಈಗಿರುವ ಹಾಗೇ ಹೋಗಬೇಡಿ. ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಯಿಸಿ, ನಾಲ್ಕು ದಿನ ಊರಲ್ಲೇ ಓಡಿಸಿ, ಸೌಂಡ್ ಕೇಳಿ, ಆಮೇಲೆ ಯೋಚನೆ ಮಾಡಿ.

ನಾನು ಇಲ್ಲೇ ಕಲಬುರಗಿಯಲ್ಲಿ ಗ್ಯಾರೇಜ್ ನಡೆಸುತ್ತೇನೆ. "ಗಾಡಿ ಛಲೋ ನಡದದ ರೀ, ಏನೂ ತ್ರಾಸ್ ಇಲ್ಲ" ಅನ್ನುವ ಮಾತು ದಿನಾ ಕೇಳುತ್ತೇನೆ. ಅದು ಸುಳ್ಳೂ ಅಲ್ಲ. ಆಯಿಲ್ ಕೆಟ್ಟರೂ ಪಿಕಪ್, ಮೈಲೇಜ್ ಬಹಳ ದಿನ ಹಾಗೇ ಇರುತ್ತವೆ. ಓಡಿಸುವವರಿಗೆ ಗೊತ್ತಾಗುವ ಹೊತ್ತಿಗೆ ಒಳಗೆ ಯಾವುದೋ ಪಾರ್ಟ್ ಸವೆದಿರುತ್ತದೆ. ಗಾಡಿ ಚೆನ್ನಾಗಿ ಓಡುತ್ತಿದೆ ಅನ್ನೋದು ಆಯಿಲ್ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಆಯಿಲ್ ಬರೀ ಜಾರುವಿಕೆ ಕೊಡುವುದಕ್ಕಲ್ಲ. ಪಿಸ್ಟನ್, ಬೇರಿಂಗ್‌ಗಳ ಬಿಸಿಯನ್ನು ಎಳೆದುಕೊಂಡು ಬರುತ್ತದೆ, ಸುಟ್ಟ ಮಸಿಯನ್ನು ಒಂದು ಕಡೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರುತ್ತದೆ, ಆ್ಯಸಿಡ್ ಕಡಿಮೆ ಮಾಡುತ್ತದೆ. ಈ ಕೆಲಸಗಳಿಗೆ ಅಂತಲೇ ಅದರಲ್ಲಿ ಕೆಮಿಕಲ್ ಸೇರಿಸಿರುತ್ತಾರೆ. ಅವು ದಿನ ಕಳೆದಂತೆ ಖರ್ಚಾಗುತ್ತವೆ. ಖರ್ಚಾದ ಮೇಲೆ ಮಸಿ ಕೆಳಗೆ ಕೂರುತ್ತದೆ, ಆಯಿಲ್ ದಿನಾ ಬಿಸಿ ತಿಂದು ತಿಂದು ಕೆಟ್ಟು ದಪ್ಪಗಾಗುತ್ತದೆ. ನೀವು ಮೇಲಿಂದ ಅರ್ಧ ಲೀಟರ್ ಹಾಕಿದರೆ ಅಳತೆ ಸರಿ ಹೋಗುತ್ತೆ, ಅಷ್ಟೇ. ಹಳೆಯ ಮೂರು ಲೀಟರ್ ಒಳಗೇ ಇರುತ್ತದಲ್ವಾ? ಫಿಲ್ಟರ್ ಕೂಡ ಹಳೆಯದೇ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಅದರೊಳಗಿನ ವಾಲ್ವ್ ತೆರೆದುಕೊಂಡು ಸೋಸದ ಆಯಿಲನ್ನೇ ಮುಂದೆ ಬಿಡುತ್ತದೆ. ಆಯಿಲ್ ಇಲ್ಲದೆ ಓಡುವುದಕ್ಕಿಂತ ಕೊಳಕು ಆಯಿಲ್ ವಾಸಿ ಅಂತ ಮಾಡಿದ ವ್ಯವಸ್ಥೆ ಅದು.

ಸೇಡಂ ಕಡೆಯ ಒಂದು ಕಾರು ನಮ್ಮಲ್ಲಿಗೆ ಟೋ ಮಾಡಿಸಿಕೊಂಡು ಬಂದಿತ್ತು. ಅವರೂ ನಿಮ್ಮ ಹಾಗೇ, ವರ್ಷಗಟ್ಟಲೆ ಮೇಲಿಂದ ಹಾಕುತ್ತಿದ್ದವರು. ಮಳಖೇಡ ದಾಟಿದ ಮೇಲೆ ಮೀಟರ್‌ನಲ್ಲಿ ಕೆಂಪು ಆಯಿಲ್ ಲೈಟ್ ಬಂದಿದೆ. "ಬರ್ತಿತ್ತು, ಹೋಗ್ತಿತ್ತು ರೀ, ಸೇಡಂ ಇಲ್ಲೇ ಅದ ಅಂತ ನಡಸ್ಕೊಂಡು ಹೋದೆ" ಅಂದರು. ನಾವು ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಅಳತೆಗೆ ಸರಿಯಾಗಿದೆ! ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿದಾಗ ಕಾರಣ ಸಿಕ್ಕಿತು. ತಳದಲ್ಲಿ ಕಾಕಂಬಿಯಂಥ ಕಪ್ಪು ಗಟ್ಟಿ, ಬೆರಳಲ್ಲಿ ಗೀಚಿದರೆ ಗೆರೆ ಮೂಡುತ್ತಿತ್ತು. ಪಂಪ್ ಆಯಿಲ್ ಎಳೆಯುವ ಜಾಲಿಯ ಮುಕ್ಕಾಲು ಭಾಗ ಅದೇ ತುಂಬಿ ಮುಚ್ಚಿತ್ತು. ಚೇಂಬರಲ್ಲಿ ಆಯಿಲ್ ಇದೆ, ಮೇಲೆ ಹೋಗುವ ದಾರಿ ಇಲ್ಲ. ಬೇರಿಂಗ್ ತೆಗೆದರೆ ಮೇಲಿನ ಬೂದು ಪದರ ಹೋಗಿ ತಾಮ್ರದ ಬಣ್ಣ ಕಾಣುತ್ತಿತ್ತು, ಆ ಬೇರಿಂಗ್‌ಗಳಲ್ಲಿ ತಿರುಗುವ ಕ್ರ್ಯಾಂಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಆಮೇಲೆ ಇಂಜಿನ್ ಪೂರ್ತಿ ಇಳಿಸಬೇಕಾಯಿತು.

ಅದಕ್ಕೇ ಹೇಳೋದು, ಆ ಕೆಂಪು ಲೈಟ್ ಆಯಿಲಿನ ಅಳತೆ ತೋರಿಸುವುದಲ್ಲ, ಪ್ರೆಶರ್ ಬಿದ್ದಿದೆ ಅನ್ನುವ ಸೂಚನೆ. ಓಡುವಾಗ ಬಂದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಊರು ಎರಡೇ ಕಿಲೋಮೀಟರ್ ಇದ್ದರೂ ಸರಿ.

ಎಷ್ಟೋ ಸಲ ಲೈಟಿಗಿಂತ ಮೊದಲು ಸೌಂಡ್ ಬರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿಂದ ಟಕ ಟಕ ಅಂತ ಟ್ಯಾಪೆಟ್ ಸೌಂಡ್ ಬಂದು ಸ್ವಲ್ಪ ಹೊತ್ತಿಗೆ ನಿಂತರೆ, ಇಂಜಿನ್ ಮೇಲ್ಭಾಗಕ್ಕೆ, ಅಂದರೆ ಹೆಡ್‌ಗೆ ಆಯಿಲ್ ತಡವಾಗಿ ತಲುಪುತ್ತಿರಬಹುದು. ಬಹಳ ಗಾಡಿಗಳಲ್ಲಿ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಕೂಡ ಆಯಿಲ್ ಪ್ರೆಶರ್ ಮೇಲೇ ನಡೆಯುತ್ತದೆ. ಚೈನ್ ಸಡಿಲವಾದರೆ ಗರಗರ ಅನ್ನುತ್ತದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಪಿಸ್ಟನ್ ಸುತ್ತಲಿನ ರಿಂಗ್‌ಗಳು ಮಸಿಯಲ್ಲಿ ಅಂಟಿಕೊಂಡರೂ ಹೀಗಾಗುತ್ತೆ. ನಿಮಗೆ ಪದೇ ಪದೇ ಮೇಲಿಂದ ಹಾಕಬೇಕಾಗಿ ಬಂದಿದ್ದಕ್ಕೆ ಇದೂ ಕಾರಣ ಇರಬಹುದು. ಎಲ್ಲಾದರೂ ಸೋರುತ್ತಿದೆಯಾ ಅಂತಲೂ ನೋಡಿಸಿ. ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಇರುವ ಗಾಡಿಯಾದರೆ ಇನ್ನೂ ಹುಷಾರು. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ಸುತ್ತುತ್ತದೆ, ಆಯಿಲ್ ತಪ್ಪಿದರೆ ಕೆಲವೇ ಕ್ಷಣ ತಡೆಯುತ್ತೆ.

ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಡೀಸೆಲ್ ಗಾಡಿಗೆ ಹೊಸ ಆಯಿಲ್ ಹಾಕಿದರೂ ಬೇಗನೇ ಕಪ್ಪಾಗುತ್ತದೆ, ಅದು ಮಾಮೂಲು. ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಯಲ್ಲಿ ಉಲ್ಟಾ ತೊಂದರೆ ಇದೆ: ಆಯಿಲ್ ಅಳತೆ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ಏರಿದ್ದರೆ ಡೀಸೆಲ್ ಬೆರೆಯುತ್ತಿದೆ ಅಂತ ಅನುಮಾನ ಪಡಬೇಕು.

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು? ಬಹಳಷ್ಟು ಕಾರುಗಳ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಇರುತ್ತೆ. ಧೂಳಿನ ರಸ್ತೆ, ಸಣ್ಣ ಸಣ್ಣ ಓಡಾಟ, ನಿಂತಲ್ಲೇ ಇಂಜಿನ್ ಆನ್ ಇದ್ದರೆ ಇನ್ನೂ ಬೇಗ ಅಂತಲೂ ಬರೆದಿರುತ್ತಾರೆ. ಅದನ್ನು ಯಾರೂ ಓದಲ್ಲ. ನಮ್ಮ ಕಡೆ ಈ ಮೂರೂ ಇವೆ. ತೊಗರಿ ರಾಶಿ ನಡೆಯುವಾಗ ಹೊಲದ ದಾರಿಯ ಧೂಳು, ವಾಡಿ, ಶಹಾಬಾದ್ ಕಡೆ ಲಾರಿ ಎಬ್ಬಿಸುವ ಧೂಳು ಸಾಕಷ್ಟು. ಮೇ ತಿಂಗಳ ಬಿಸಿಲಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಎಸಿ ಹಾಕಿಕೊಂಡು ಗಾಡಿಯಲ್ಲೇ ಕೂತಿರುತ್ತೀವಿ. ಇಂಜಿನ್ ದುಡಿಯುತ್ತಿರುತ್ತೆ, ಕಿಲೋಮೀಟರ್ ಮೀಟರ್ ಮಾತ್ರ ಕದಲಲ್ಲ. ನನ್ನ ಗಿರಾಕಿಗಳಿಗೆ ನಾನು 7,000 ದಾಟಿಸಬೇಡಿ ಅನ್ನುತ್ತೇನೆ, ಏರ್ ಫಿಲ್ಟರ್ ಇನ್ನೂ ಬೇಗ ನೋಡಿಸಿ ಅನ್ನುತ್ತೇನೆ. ಕೆಲವರು ದುಡ್ಡಿಗಾಗಿ ಹೇಳ್ತಾನೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಬೇಕು ಅಂತ 20ಡಬ್ಲ್ಯೂ-40 ಹಾಕಿಸಲು ಹೇಳುವವರು ಸಿಗುತ್ತಾರೆ. ಕೇಳಬೇಡಿ. ಹೊರಗೆ 44 ಡಿಗ್ರಿ ಇದ್ದರೂ 20 ಇದ್ದರೂ ಕೂಲಿಂಗ್ ಸರಿಯಿದ್ದರೆ ಇಂಜಿನ್ ನೀರು ಹೆಚ್ಚುಕಡಿಮೆ 90ರ ಸುತ್ತಲೇ ಇರುತ್ತದೆ. ಪುಸ್ತಕದಲ್ಲಿ 5ಡಬ್ಲ್ಯೂ-30 (ಅದಕ್ಕಿಂತ ತೆಳು ಆಯಿಲ್) ಇದ್ದರೆ ಅದನ್ನೇ ಹಾಕಿಸಿ.

ಈಗ ನೀವು ಮಾಡಬೇಕಾದ್ದು. ಇಂಜಿನ್ ತಣ್ಣಗಿದ್ದಾಗ ಆಯಿಲ್ ಹಾಕುವ ಕ್ಯಾಪ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಲೋಹ ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಕಪ್ಪು ಗಟ್ಟಿ ಕೂತಿದ್ದರೆ ಚೇಂಬರ್ ಇಳಿಸಿ ಜಾಲಿ ತೊಳೆಸಿ. ಆ ಸ್ಥಿತಿಯಲ್ಲಿ ಒಳಗಿನ ಕೊಳೆ ಬಿಡಿಸುವ ಫ್ಲಶ್ ಹಾಕಿಸಲು ಹೋಗಬೇಡಿ, ಕಿತ್ತುಬಂದ ಗಟ್ಟಿ ಹೋಗಿ ಕೂರುವುದೇ ಜಾಲಿಯಲ್ಲಿ. ಹಳೆ ಆಯಿಲ್ ಇಳಿಸುವಾಗ ಎದುರಿಗೇ ನಿಂತುಕೊಳ್ಳಿ, ಬಿಸಿಲಲ್ಲಿ ಮಿಣಮಿಣ ಹೊಳೆಯುವ ಲೋಹದ ಪುಡಿ ಇದೆಯಾ ನೋಡಿ. ಇದ್ದರೆ ಬೇರಿಂಗ್ ನೋಡಿಸುವವರೆಗೆ ದೂರದ ಊರು ಬೇಡ, ತಿರುಪತಿಗೆ ರೈಲಿದೆ. ಎಲ್ಲ ಸರಿ ಕಂಡರೂ ಈ ಸಲದ ಆಯಿಲನ್ನು 2,000 - 3,000 ಕಿ.ಮೀ.ಗೇ ತೆಗೆಸಿಬಿಡಿ, ಹಳೆ ಕೊಳೆ ಎಳೆದುಕೊಂಡು ಅದು ಬೇಗ ಕೆಡುತ್ತದೆ. ಆಯಿಲ್ ಫಿಲ್ಟರನ್ನೂ ಆಗಲೇ ಬದಲಾಯಿಸಿ.

ಗಾಡಿ ಪೆಟ್ರೋಲೋ ಡೀಸೆಲ್ಲೋ ನೀವು ಬರೆದಿಲ್ಲ. ಯಾವ ಮಾಡೆಲ್, ಕ್ಯಾಪ್ ತೆಗೆದಾಗ ಏನು ಕಂಡಿತು, ಬೆಳಗಿನ ಮೊದಲ ಸ್ಟಾರ್ಟ್‌ಗೆ ಸೌಂಡ್ ಹೇಗಿದೆ, ಇಷ್ಟು ತಿಳಿಸಿ. ಚೇಂಬರ್ ಬಿಚ್ಚಬೇಕಾ ಬೇಡವಾ ಹೇಳುತ್ತೇನೆ.