ಕಲ್ಲಿಗೂ ಒಂದು ವಿಳಾಸವಿದೆ

ಈ ಬಾರಿ ಅಂಕಣಕ್ಕೆ ಪತ್ರಗಳ ಜೊತೆಗೆ ಕಲ್ಲುಗಳೂ ಬಂದಿವೆ. ಬೇಸಿಗೆಯಲ್ಲಿ ಹೊಳೆಗಳು ಬತ್ತಿ ಮರಳು ಬಯಲಾದಾಗ ಮಕ್ಕಳ ಕಣ್ಣು ನೆಲದ ಮೇಲೆ ಬೀಳುತ್ತದೆ. ಅದು ನನಗೆ ಬಹಳ ಸಂತೋಷದ ಸಂಗತಿ. ತುಮಕೂರಿನಲ್ಲಿ ಮೂವತ್ತೊಂದು ವರ್ಷ ಭೂವಿಜ್ಞಾನ ಕಲಿಸಿದವನಿಗೆ ನಿವೃತ್ತಿಯ ನಂತರವೂ ಯಾರಾದರೂ ಕಲ್ಲು ತಂದು ಕೈಗಿಟ್ಟರೆ ಆ ದಿನ ಒಳ್ಳೆಯ ದಿನ.

ನಾನು ಒಂಬತ್ತನೆಯ ತರಗತಿಯಲ್ಲಿದ್ದೇನೆ. ಜಯಮಂಗಲಿ ಹೊಳೆಯ ಮರಳಿನಲ್ಲಿ ಅಂಗೈಯಗಲದ ಕಲ್ಲು ಸಿಕ್ಕಿತು. ಅದರ ಮೇಲೆ ಕಪ್ಪಗೆ ಜರಿಗಿಡದ ಎಲೆ ಅಚ್ಚೊತ್ತಿದಂತಿದೆ. ಇದು ಪಳೆಯುಳಿಕೆಯೇ? ಅಪ್ಪನ ಕೈಯಲ್ಲಿ ಕಳುಹಿಸುತ್ತಿದ್ದೇನೆ. — ವಿದ್ಯಾರ್ಥಿನಿ, ಕೊರಟಗೆರೆ

ಮಗೂ, ನಿನ್ನ ಕಲ್ಲು ಈಗ ನನ್ನ ಮೇಜಿನ ಮೇಲಿದೆ. ಮೂರು ದಿನ ಬೇರೆ ಬೇರೆ ಬೆಳಕಿನಲ್ಲಿ ನೋಡಿದ್ದೇನೆ. ಮೊದಲ ನೋಟಕ್ಕೆ ಜರಿಗಿಡವೇ. ಆದರೆ ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿದರೆ ಕಥೆ ಬೇರೆ. ಎಲೆಗೆ ನಡುನರ ಇರಬೇಕು, ಅದರಿಂದ ಕವಲೊಡೆಯುವ ಕಿರುನರಗಳಿರಬೇಕು, ಅಂಚು ಎಲ್ಲಿಗೆ ಮುಗಿಯುತ್ತದೆ ಎಂದು ಕಾಣಬೇಕು. ನಿನ್ನ ಕಲ್ಲಿನಲ್ಲಿ ನಡುನರವಿಲ್ಲ. ಕವಲುಗಳೆಲ್ಲ ಕಲ್ಲಿನ ಒಡೆದ ಅಂಚಿನಿಂದ ಹೊರಟು ಒಳಕ್ಕೆ ಚಾಚಿವೆ, ತುದಿಗೆ ಹೋದಂತೆ ಕಪ್ಪು ತೆಳುವಾಗಿ ಕಂದು ಬಣ್ಣಕ್ಕೆ ತಿರುಗಿದೆ. ಬಿರುಕಿನೊಳಗೆ ಇಳಿದ ನೀರು ಹೊತ್ತು ತಂದ ಮ್ಯಾಂಗನೀಸ್ ಮತ್ತು ಕಬ್ಬಿಣ ಅಲ್ಲೇ ನಿಂತು ಕವಲು ಕವಲಾಗಿ ಬೆಳೆದ ಗುರುತು ಇದು. ಭೂವಿಜ್ಞಾನದಲ್ಲಿ ಇದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಎರಡು ಗಾಜಿನ ಚೂರುಗಳ ನಡುವೆ ಮಂದವಾದ ಬಣ್ಣದ ಒಂದು ಹನಿ ಒತ್ತಿ ಮೆಲ್ಲಗೆ ಬೇರ್ಪಡಿಸಿ ನೋಡು, ಇಂಥದೇ ಗಿಡ ಮೂಡುತ್ತದೆ.

ಇನ್ನೊಂದು ಸಾಕ್ಷಿ ಕಲ್ಲಿನಲ್ಲೇ ಇದೆ. ಗುಲಾಬಿ ಹರಳು, ಗಾಜಿನಂಥ ಬೆಣಚು, ಅಲ್ಲಲ್ಲಿ ಮಿನುಗುವ ಕಾಗೆಬಂಗಾರ: ಇದು ಗ್ರಾನೈಟ್. ಕರಗಿದ ಶಿಲಾಪಾಕ ನೆಲದಾಳದಲ್ಲಿ ತಣಿದು ಆದ ಕಲ್ಲು. ಆ ಬೇಗೆಯಲ್ಲಿ ಎಲೆ ಉಳಿಯುವುದುಂಟೇ?

ಈಗ ನೀನು ಕೇಳದೆ ಇದ್ದರೂ ಹೇಳಲೇಬೇಕಾದ ಮಾತು. ಹೊಳೆಯಲ್ಲಿ ಸಿಕ್ಕ ಕಲ್ಲು ಹೊಳೆಯದಲ್ಲ, ಅದರ ತವರು ಮೇಲೆಲ್ಲೋ ಇರುತ್ತದೆ. ಆದ್ದರಿಂದ ಪಳೆಯುಳಿಕೆ ಹುಡುಕುವವರು ಮೊದಲು ಕೇಳಬೇಕಾದದ್ದು 'ಈ ಹೊಳೆ ಯಾವ ಕಲ್ಲಿನ ಮೇಲೆ ಹರಿದು ಬಂದಿದೆ?' ಎಂಬುದನ್ನು. ಜಯಮಂಗಲಿ ಹುಟ್ಟುವುದು ದೇವರಾಯನದುರ್ಗದ ಬೆಟ್ಟಗಳಲ್ಲಿ. ಅಲ್ಲಿಂದ ಉತ್ತರ ಪಿನಾಕಿನಿಯನ್ನು ಸೇರುವ ತನಕ ಅದರ ಹಾಸು ಗ್ರಾನೈಟ್ ಮತ್ತು ನೈಸ್ ಶಿಲೆಯದು (ನೈಸ್ ಎಂದರೆ ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಪಟ್ಟೆ ಪಟ್ಟೆಯ ಕಲ್ಲು). ನಮ್ಮ ಕಡೆಯ ನೈಸ್‌ಗೆ ಸುಮಾರು 300 ಕೋಟಿ ವರ್ಷ, ಮಧುಗಿರಿ ಪಾವಗಡದ ಕಡೆಯ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಚಿಪ್ಪು ಇರುವ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಚಿಪ್ಪು, ಮೂಳೆ, ಎಲೆ ಯಾವುದೂ ಲೋಕದಲ್ಲಿ ಇಲ್ಲದಿದ್ದಾಗಲೇ ನಮ್ಮ ಕಲ್ಲು ಮುದುಕನಾಗಿತ್ತು. ಕೋಲಾರ, ಚಿಕ್ಕಬಳ್ಳಾಪುರದ ಹೊಳೆಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಹಾಗೆಂದು ನಿರಾಶೆ ಬೇಡ. ಹೊಳೆದಂಡೆಯಲ್ಲಿ ಕಲ್ಲಿಗಿಂತ ಎಷ್ಟೋ ಈಚಿನ ಮಣ್ಣಿನ ಪದರಗಳಿರುತ್ತವೆ. ನಮ್ಮದೇ ರಾಜ್ಯದ ಗೋಕಾಕದ ಬಳಿ ಇಂಥ ನದಿ ಮೆಕ್ಕಲಿನಲ್ಲಿ ಸಿಕ್ಕ ಘೇಂಡಾಮೃಗದ ಮೂಳೆಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವಿವರಿಸಿದರು. ನರ್ಮದೆಯ ದಂಡೆಯ ಹಥ್ನೋರಾದಲ್ಲಿ 1982ರಲ್ಲಿ ಆದಿಮಾನವನ ತಲೆಬುರುಡೆಯ ಭಾಗ ಸಿಕ್ಕಿದ್ದೂ ಮೆಕ್ಕಲಿನಲ್ಲೇ. ಮಳೆಗಾಲ ಮುಗಿದ ಮೇಲೆ ಹೊಸದಾಗಿ ಕುಸಿದ ದಂಡೆಯನ್ನು ದೂರದಿಂದ ನೋಡು. ಹತ್ತಿರ ಹೋಗಿ ಅಗೆಯಬೇಡ. ಮರಳು ತೆಗೆದ ಗುಂಡಿಗಳ ಅಂಚು ಯಾವಾಗ ಜರಿಯುತ್ತದೆಂದು ಹೇಳಲಾಗದು.

ಏನೇ ಸಿಕ್ಕರೂ ಅಲ್ಲಿಯೇ ಕುಳಿತು ಬರೆದುಕೊ: ಊರು, ಸೇತುವೆಯಿಂದ ಎಷ್ಟು ಹೆಜ್ಜೆ, ದಂಡೆಯ ಎಷ್ಟನೆಯ ಪದರ, ದಿನಾಂಕ. ಎತ್ತುವ ಮೊದಲು ಪಕ್ಕದಲ್ಲಿ ನಾಣ್ಯವಿಟ್ಟು ಚಿತ್ರ ತೆಗೆ. ಓದುವ ಕಾಲದಲ್ಲಿ ನಾನು ತಮಿಳುನಾಡಿನ ಅರಿಯಲೂರಿಗೆ ಕ್ಷೇತ್ರ ಅಧ್ಯಯನಕ್ಕೆ ಹೋಗಿದ್ದೆ. ಮೂರು ದಿನ ಬಿಸಿಲಲ್ಲಿ ತಿರುಗಿ ಹನ್ನೆರಡು ಚಿಪ್ಪುಗಳನ್ನು ಆರಿಸಿದೆ. ವಿವರ ಬರೆದ ಚೀಟಿಗಳು ರೈಲಿನಲ್ಲಿ ಮಳೆನೀರಿಗೆ ನೆನೆದು ಮುದ್ದೆಯಾದವು. ಆ ಹನ್ನೆರಡೂ ಇವತ್ತಿಗೂ ನನ್ನ ಬಳಿ ಇವೆ. ಯಾವ ಪ್ರಾಣಿಯದೆಂದು ಹೇಳಬಲ್ಲೆ, ಯಾವ ಪದರದಿಂದ ಬಂದವೆಂದು ಹೇಳಲಾರೆ. ಪಳೆಯುಳಿಕೆಯ ಅರ್ಧ ಜೀವ ಅದರ ವಿಳಾಸದಲ್ಲಿರುತ್ತದೆ. ಆ ಅರ್ಧವನ್ನು ನಾನು ಕಳೆದೆ ಎಂಬ ನೋವು ನಲವತ್ತು ವರ್ಷವಾದರೂ ಹೋಗಿಲ್ಲ. ಅದಕ್ಕೇ ಈಗ ಕಲ್ಲಿನ ಮೇಲೆಯೇ ಸಂಖ್ಯೆ ಬರೆಯುತ್ತೇನೆ: ಒಂದು ಚುಕ್ಕೆ ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ.

ಕೃಷಿಹೊಂಡ ತೋಡುವಾಗ ಆರಡಿ ಆಳದಲ್ಲಿ ಬಿಳಿ ಮೂಳೆಗಳಂಥವು ರಾಶಿಯಾಗಿ ಸಿಕ್ಕವು. ಬೆರಳಿನ ಗಾತ್ರ, ಕೆಲವಕ್ಕೆ ನಡುವೆ ತೂತಿದೆ. ಊರಿನಲ್ಲಿ ಹಳೆಯ ಕಾಲದ ಪ್ರಾಣಿಯದೆನ್ನುತ್ತಿದ್ದಾರೆ. — ರೈತರು, ಗುಡಿಬಂಡೆ

ನೀವು ಕಳುಹಿಸಿದ ಚಿತ್ರದಲ್ಲಿ ಎರಡು ತುಂಡುಗಳು ಕವೆಯಂತೆ ಸೀಳಿವೆ. ಬೆರಳು ಮೂಳೆ ಹಾಗೆ ಸೀಳುವುದಿಲ್ಲ, ಬೇರು ಸೀಳುತ್ತದೆ. ಒಣ ಸೀಮೆಯ ಮಣ್ಣಿನಲ್ಲಿ ಬೇರು ನೀರು ಹೀರಿದಂತೆಲ್ಲ ಸುತ್ತ ಸುಣ್ಣ ಕಟ್ಟಿಕೊಳ್ಳುತ್ತದೆ. ಬೇರು ಕೊಳೆತು ಹೋದ ಮೇಲೆ ಸುಣ್ಣದ ಕೊಳವೆ ಉಳಿಯುತ್ತದೆ. ಒಂದನ್ನು ಅಡ್ಡಲಾಗಿ ಮುರಿದು ನೋಡಿ: ಬಳೆಗಳಂತೆ ಸುತ್ತು ಪದರ ಕಂಡರೆ ಬೇರಿನ ಅಚ್ಚು. ಹೊರಗೆ ಗಟ್ಟಿ ಗೋಡೆ, ಒಳಗೆ ಜೇನುಗೂಡಿನಂಥ ಜಾಲರಿ ಕಂಡರೆ ಮೂಳೆ. ನಿಂಬೆರಸ ಹಾಕಿದರೆ ಸುಣ್ಣ ಬುರುಬುರು ನೊರೆಯುಕ್ಕುತ್ತದೆ, ಆದರೆ ಇದೊಂದನ್ನೇ ನಂಬಬೇಡಿ. ಬಹುಕಾಲ ಮಣ್ಣಿನಲ್ಲಿದ್ದ ಮೂಳೆಯೊಳಗೂ ಸುಣ್ಣ ಸೇರಿಕೊಂಡಿರಬಹುದು. ಇಂಥ ಸುಣ್ಣದ ಗಂಟುಗಳನ್ನೇ ಹಿಂದಿನವರು ಸುಟ್ಟು ಗಾರೆಗೆ ಬಳಸುತ್ತಿದ್ದರು. ನಿಜವಾಗಿಯೂ ಜಾಲರಿ ಕಂಡರೆ ಆ ಜಾಗದಲ್ಲಿ ಯಂತ್ರ ನಿಲ್ಲಿಸಿ, ಮಣ್ಣಿನ ಸಮೇತ ಹಾಗೆಯೇ ಬಿಟ್ಟು ತಿಳಿಸಿ. ನಾನೇ ಬರುತ್ತೇನೆ.

ಮಧುಗಿರಿ ಕಡೆಯ ಗುಡ್ಡದಲ್ಲಿ ಮೊಟ್ಟೆಯಾಕಾರದ ದೊಡ್ಡ ಬಂಡೆಗಳಿವೆ, ಸಿಪ್ಪೆಯಂತೆ ಪದರ ಬಿಡುತ್ತವೆ. ಡೈನೋಸಾರ್ ಮೊಟ್ಟೆ ಇರಬಹುದೇ? — ಓದುಗರು, ಶಿರಾ

ಅಲ್ಲ. ಚೌಕ ಬಂಡೆಗೆ ಮೂಲೆಗಳಲ್ಲಿ ಮೂರು ಕಡೆಯಿಂದ ನೀರು ತಾಗುತ್ತದೆ, ಮೂಲೆ ಬೇಗ ಸವೆದು ಬಂಡೆ ಉರುಟಾಗುತ್ತದೆ, ಈರುಳ್ಳಿಯಂತೆ ಸಿಪ್ಪೆ ಬಿಡುತ್ತದೆ. ಡೈನೋಸಾರ್ ಮೊಟ್ಟೆಗಳು ಗುಜರಾತಿನ ಬಾಲಾಸಿನೋರ್, ಮಧ್ಯಪ್ರದೇಶದ ಜಬಲ್ಪುರದ ಕಡೆಯ ಸುಣ್ಣಕಲ್ಲಿನಲ್ಲಿ ಸಿಕ್ಕಿವೆ. ಅವು ಕುಂಬಳಕಾಯಿಗಿಂತ ದೊಡ್ಡವಲ್ಲ.

ಗೋಕರ್ಣದ ಕಡಲತೀರದಲ್ಲಿ ಐದೆಸಳಿನ ಹೂ ಕೆತ್ತಿದಂಥ ಬಿಳಿ ಬಿಲ್ಲೆಯೂ ದುಂಡು ತೂತಿರುವ ಕಪ್ಪೆಚಿಪ್ಪುಗಳೂ ಮಕ್ಕಳಿಗೆ ಸಿಕ್ಕವು. ಇವು ಪಳೆಯುಳಿಕೆಗಳೇ? — ಗೃಹಿಣಿ, ಚಿಂತಾಮಣಿ

ಬಿಲ್ಲೆ ಸ್ಯಾಂಡ್ ಡಾಲರ್ ಎಂಬ ಕಂಟಕಚರ್ಮಿಯ, ಅಂದರೆ ಮುಳ್ಳುಚರ್ಮದ ಕಡಲಜೀವಿಯ ಗೂಡು, ಈಚಿನದೇ. ಚಿಪ್ಪಿನ ತೂತು ಆಭರಣಕ್ಕೆ ಕೊರೆದಷ್ಟು ಅಚ್ಚುಕಟ್ಟಾಗಿದೆಯಲ್ಲವೇ? ಅದು ಬೇಟೆಗಾರ ಶಂಖದ ಹುಳುವಿನ ಕೆಲಸ. ಚಿಪ್ಪು ಕೊರೆದು ಒಳಗಿನ ಜೀವವನ್ನು ತಿಂದಿದೆ. ಹೊಳಪು, ಬಣ್ಣ ಉಳಿದಿದ್ದು ಕೈಗೆ ಹಗುರವಾಗಿದ್ದರೆ ಸಾಮಾನ್ಯವಾಗಿ ಇಂದಿನ ಕಡಲಿನದು. ಮಕ್ಕಳಿಗೆ ಕಲ್ಲಾದ ಕಡಲನ್ನೇ ತೋರಿಸುವ ಆಸೆಯಿದ್ದರೆ ಪೂರ್ವಕ್ಕೆ ಹೋಗಿ. ಸುಮಾರು 10 ಕೋಟಿ ವರ್ಷಗಳ ಹಿಂದೆ ಸಮುದ್ರ ಅರಿಯಲೂರಿನ ತನಕ ಒಳಬಂದಿತ್ತು. ಪುದುಚೇರಿಯ ಬಳಿಯ ತಿರುವಕ್ಕರೈಯಲ್ಲಿ ಸುಮಾರು 2 ಕೋಟಿ ವರ್ಷದ ಕಲ್ಲಾದ ಮರದ ದಿಮ್ಮಿಗಳು ಮಲಗಿವೆ. ತಮಿಳುನಾಡಿನದೇ ಪೆರಂಬಲೂರು ಕಡೆಯ ಸಾತನೂರಿನಲ್ಲಿ 18 ಮೀಟರ್ ಉದ್ದದ ಒಂದೇ ಕಾಂಡವಿದೆ. ಕೊನೆಯ ಎರಡೂ ಸಂರಕ್ಷಿತ ಸ್ಥಳಗಳು. ಒಂದು ಚಕ್ಕೆಯನ್ನೂ ಎತ್ತಬಾರದು.

ನಮ್ಮ ದೇವರಮನೆಯ ಸಾಲಿಗ್ರಾಮವೂ ಪಳೆಯುಳಿಕೆ ಎಂದು ಮಗ ಹೇಳಿದ. ಅತ್ತೆಯವರು ನೊಂದುಕೊಂಡಿದ್ದಾರೆ. ನಿಜವೇನು? — ಶಿಡ್ಲಘಟ್ಟ

ಮಗ ಹೇಳಿದ್ದು ನಿಜ. ಅತ್ತೆಯವರು ನೊಂದುಕೊಳ್ಳಬೇಕಾದ ಕಾರಣವೂ ಇಲ್ಲ. ಹೊಳೆಯಲ್ಲಿ ಸಿಗುವ ಪಳೆಯುಳಿಕೆಗಳಲ್ಲಿ ಇಷ್ಟು ಮನೆಗಳಲ್ಲಿ, ಇಷ್ಟು ತಲೆಮಾರು, ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದದ್ದು ಇನ್ನೊಂದನ್ನು ನಾನರಿಯೆ.

ಬಾಲ್ಯದಲ್ಲಿ ನಮ್ಮಜ್ಜಿ ಅಭಿಷೇಕ ಮುಗಿಸಿ ಒದ್ದೆ ಸಾಲಿಗ್ರಾಮವನ್ನು ವಸ್ತ್ರದಲ್ಲಿ ಒರೆಸುತ್ತಿದ್ದಾಗ ನಾನು ಬಾಯಿಯ ಒಳಗಿನ ಚಕ್ರವನ್ನು ಇಣುಕಿ ನೋಡುತ್ತಿದ್ದೆ. ಕಪ್ಪು ಕಲ್ಲಿನ ಒಳಗೆ ಸುರುಳಿ, ಸುರುಳಿಯ ಮೇಲೆ ಸಾಲು ಸಾಲು ಏಣು. ಒಂದೊಂದು ಏಣೂ ಹೊರ ಅಂಚಿಗೆ ಬರುವಾಗ ಎರಡಾಗಿ ಒಡೆಯುತ್ತಿತ್ತು. ಆ ಏಣು ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನದೆಂದು ಕಾಲೇಜಿಗೆ ಬಂದ ಮೇಲೆ ತಿಳಿಯಿತು. ಆ ದಿನ ಅಜ್ಜಿಯ ಮೇಲೆ ನನಗಿದ್ದ ಗೌರವ ಇಮ್ಮಡಿಸಿತು.

ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅದರ ತಳದ ಕಪ್ಪು ಕೆಸರಿಗೆ ಸತ್ತ ಅಮೋನೈಟ್‌ಗಳು ಬಿದ್ದವು. ಚಿಪ್ಪಿನ ಸುತ್ತಲ ಕೆಸರು ಉಳಿದ ಕೆಸರಿಗಿಂತ ಗಟ್ಟಿಯಾಗಿ ಗುಂಡಾಯಿತು. ಸಮುದ್ರತಳ ಪರ್ವತವಾಗಿ ಎದ್ದಿತು. ನೇಪಾಳದ ಕಾಳಿ ಗಂಡಕಿ ಆ ಮೆದು ಪದರವನ್ನು ಕೊರೆದು, ಗಟ್ಟಿ ಗುಂಡುಗಳನ್ನು ಬಿಡಿಸಿ, ಉರುಳಿಸಿ ನಯಮಾಡಿ ದಂಡೆಗೆ ತಂದಿತು. ವಜ್ರಕೀಟವೆಂಬ ಜೀವಿ ಚಕ್ರವನ್ನು ಕೊರೆಯಿತೆಂದು ನಮ್ಮ ಹಿರಿಯರು ನಂಬಿದ್ದರು. ಆ ಗುರುತಿನ ಹಿಂದೆ ಒಂದು ಜೀವವಿದೆ ಎಂಬುದನ್ನು ಅವರೂ ಗ್ರಹಿಸಿದ್ದರು. ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಮನೆಯ ಸಾಲಿಗ್ರಾಮವನ್ನು ಪರೀಕ್ಷೆಗೆಂದು ಒಡೆಯಬೇಡಿ, ನಿಂಬೆರಸವಂತೂ ಬೇಡವೇ ಬೇಡ. ಹೊಸದಾಗಿ ಕೊಳ್ಳುವವರು ಮಾತ್ರ ಏಣುಗಳನ್ನು ಗಮನಿಸಲಿ. ನಿಜವಾದದ್ದರಲ್ಲಿ ಸುರುಳಿ ದೊಡ್ಡದಾದಂತೆ ಏಣುಗಳ ಅಂತರವೂ ಬದಲಾಗುತ್ತದೆ. ಎಲ್ಲ ಏಣೂ ಒಂದೇ ಅಳತೆಯಲ್ಲಿದ್ದು ಉಳಿಯ ಗೀರು ಕಂಡರೆ ಯಾರೋ ಕೆತ್ತಿದ್ದಾರೆ.

ನಮ್ಮ ತಾಲ್ಲೂಕಿನ ದೊಡ್ಡಗುಣಿಯ ಬಳಿ ಪಳೆಯುಳಿಕೆಗಳಿವೆಯೆಂದು ಕೇಳಿದೆ. ನಲವತ್ತು ಮಕ್ಕಳನ್ನು ಕರೆದೊಯ್ಯಬಹುದೇ? — ಶಿಕ್ಷಕರು, ಗುಬ್ಬಿ

ನಮ್ಮ ಕಲ್ಲು ಚಿಪ್ಪು, ಮೂಳೆಗಿಂತ ಹಳೆಯದೆಂದು ಮೇಲೆ ಹೇಳಿದೆ. ಜೀವಕ್ಕಿಂತ ಹಳೆಯದೆಂದು ಹೇಳಲಿಲ್ಲ. ಚಿತ್ರದುರ್ಗದಿಂದ ಚಿಕ್ಕನಾಯಕನಹಳ್ಳಿ, ಗುಬ್ಬಿಯ ಕಡೆಗೆ ಇಳಿದು ಬರುವ ಶಿಲಾಪಟ್ಟಿಯಲ್ಲಿ ಗ್ರಾನೈಟ್ ಅಲ್ಲದ, ನೀರಿನಡಿ ಪದರ ಪದರವಾಗಿ ಕೂತ ಸುಣ್ಣಕಲ್ಲೂ ಇದೆ. ಅದರಲ್ಲಿ ವಿಜ್ಞಾನಿಗಳು ಗುರುತಿಸಿರುವುದು ಸ್ಟ್ರೊಮ್ಯಾಟೊಲೈಟ್: ಸೂಕ್ಷ್ಮಜೀವಿಗಳ ಲೋಳೆ ಹಾಸಿನ ಮೇಲೆ ಸುಣ್ಣದ ಕಣ ಕೂತು, ಅದರ ಮೇಲೆ ಮತ್ತೆ ಹಾಸು ಬೆಳೆದು ಆದ ಗುಮ್ಮಟಗಳು. 250 ಕೋಟಿ ವರ್ಷಗಳಿಗೂ ಹಿಂದಿನವು. ಇಂಥವು ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವತ್ತಿಗೂ ಬೆಳೆಯುತ್ತಿವೆ. ನಾವು ಉಸಿರಾಡುವ ಆಮ್ಲಜನಕವನ್ನು ಗಾಳಿಗೆ ತುಂಬಿದ್ದು ಈ ಬಳಗದ ಜೀವಿಗಳೇ.

ಖಂಡಿತ ಕರೆದೊಯ್ಯಿರಿ. ಆದರೆ ಅದು ಗಣಿಗಾರಿಕೆಯ ಸೀಮೆ. ಜಾಗದವರ ಲಿಖಿತ ಅನುಮತಿ ಮೊದಲು ಕೈಯಲ್ಲಿರಲಿ, ಹೊಸದಾಗಿ ಕಡಿದ ಗೋಡೆಯ ಕೆಳಗೆ ಯಾರೂ ನಿಲ್ಲಬಾರದು. ಸುತ್ತಿಗೆ ಬೇಡ. ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿಗೆ ನೀರು ಚಿಮುಕಿಸಿ, ಅಡ್ಡ ಕೊಯ್ದ ಎಲೆಕೋಸಿನಂತೆ ಮೇಲಕ್ಕುಬ್ಬಿದ ಗೆರೆಗಳು ಕಾಣುತ್ತವೆಯೇ ನೋಡಿ. ಕಲ್ಲು ಮಡಿಚಿಕೊಂಡಾಗಲೂ ಇಂಥ ಗೆರೆ ಆಗುವುದರಿಂದ ಮಕ್ಕಳು ಆತುರಪಡದೆ ಒಂದೊಂದು ಪುಟ ಚಿತ್ರ ಬರೆಯಲಿ. ಉಬ್ಬು ಯಾವ ದಿಕ್ಕಿಗಿದೆ, ಗೆರೆ ಎಲ್ಲಿ ದಪ್ಪವಾಗಿದೆ ಎಂಬುದು ಚಿತ್ರ ಬರೆಯುವಾಗಲೇ ಕಣ್ಣಿಗೆ ಬೀಳುತ್ತದೆ.

ದಿನ ಗೊತ್ತಾದ ಕೂಡಲೇ ಪತ್ರಿಕೆಗೆ ತಿಳಿಸಿ, ನಾನೂ ಬರುತ್ತೇನೆ. ನನ್ನ ಬಳಿ ಎರಡು ಲೆನ್ಸ್ ಇವೆ, ನೀರಿನ ಸ್ಪ್ರೇ ಬಾಟಲಿಗಳನ್ನು ನೀವು ತನ್ನಿ. ಕೊರಟಗೆರೆಯ ಹುಡುಗಿಗೂ ಬಸ್ಸಿನಲ್ಲಿ ಒಂದು ಜಾಗ ಇಡಿ. ಅವಳ ಡೆಂಡ್ರೈಟ್‌ಗೆ ಬಿಳಿ ಚುಕ್ಕೆ ಹಚ್ಚಿ ಒಣಗಲು ಇಟ್ಟಿದ್ದೇನೆ. ಸೇತುವೆಯಿಂದ ಎಷ್ಟು ಹೆಜ್ಜೆ ಎಂಬುದನ್ನು ಅವಳೇ ಬಂದು ಬರೆಯಬೇಕು.