ನೀನು ಟೆಕ್ನಿಕಲ್ ರೈಟರ್ ಹೌದಾ ಅಂದರೆ, ಹೌದು ತಮ್ಮಾ

ತಮ್ಮಾ, ನರಸಾಪುರದ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಮೆಂಟೆನೆನ್ಸ್ ನೋಡಿಕೊಂಡೆ, ಲೈನಿನವರಿಗೆ ಕೆಲಸದ ಸೂಚನೆಗಳನ್ನೂ ನಾನೇ ಬರೆದೆ, ಮುಂದಿನ ತಿಂಗಳು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಟೆಕ್ನಿಕಲ್ ರೈಟರ್, ಅಂದರೆ ಮೆಷಿನ್ ಬಳಸೋ ಸೂಚನೆ ಬರೆಯುವವನು, ಅಂತ ಹೇಳಿಕೊಂಡರೆ ಸುಳ್ಳಾಗುತ್ತಾ ಅಂತ ಕೇಳಿದ್ದೀಯ. ಖಂಡಿತ ಆಗಲ್ಲ.

ನಮ್ಮೂರು ಶ್ರೀನಿವಾಸಪುರದ ಹತ್ತಿರ. ಬೋರ್‌ವೆಲ್ ಸ್ಟಾರ್ಟರ್ ಡಬ್ಬದ ಬಾಗಿಲ ಒಳಗೆ ಅಪ್ಪ ಪೇಂಟಿನಲ್ಲಿ ಬರೆದಿದ್ದರು: ‘ಮೂರು ಲೈಟೂ ಉರೀತಿದೆಯಾ ನೋಡು. ಒಂದು ಆರಿದ್ದರೂ ಹಸಿರು ಬಟನ್ ಒತ್ತಬೇಡ.’ ಕರೆಂಟಿನ ಮೂರು ಫೇಸ್‌ನಲ್ಲಿ ಒಂದು ಇಲ್ಲದಾಗ ಮೋಟರ್ ಹಾಕಿ, ವೈಂಡಿಂಗ್ ಸುಟ್ಟ ಮೇಲೆ ಬರೆದದ್ದು ಅದು. ಅಷ್ಟು ಆಳದಿಂದ ಮೋಟರ್ ಎತ್ತಿಸೋದು ಅಂದರೆ ಏನು ಖರ್ಚು ಅಂತ ನಿನಗೇ ಗೊತ್ತಲ್ವಾ? ರಾತ್ರಿ ಕರೆಂಟ್ ಬಂದಾಗ ಟಾರ್ಚ್ ಹಿಡಿದು ಹೋಗುತ್ತಿದ್ದವರು ಅಮ್ಮ. ಅವರಿಗೆ ಬೇಕಾದಷ್ಟೇ ಮಾತು, ಅವರ ಕಣ್ಣಿಗೆ ಬೀಳುವ ಜಾಗದಲ್ಲಿ. ಎಚ್ಚರಿಕೆ ಮೊದಲು, ಬಟನ್ ಆಮೇಲೆ. ನನ್ನ ಪ್ರಕಾರ ಅಪ್ಪ ಟೆಕ್ನಿಕಲ್ ರೈಟರೇ.

ಎಂಜಿನಿಯರ್ ಕೊಟ್ಟ ಫೈಲಿನಲ್ಲಿ ಕಾಗುಣಿತ ತಿದ್ದಿ, ಅಂದವಾಗಿ ಜೋಡಿಸಿ ಕಳಿಸುವವರನ್ನು ನಾನು ಹಾಗೆ ಕರೆಯಲ್ಲ. ಹಾಗೆ ಜೋಡಿಸುವ ಸಾಫ್ಟ್‌ವೇರ್ ಯಾರು ಬೇಕಾದರೂ ಕಲಿಯಬಹುದು.

ಇಲ್ಲಿ ಈ ಕೆಲಸಕ್ಕೆ ತೂಕ ಜಾಸ್ತಿ. ಯುರೋಪಿನ ಒಕ್ಕೂಟದ 2006/42/ಇಸಿ ಅನ್ನೋ ಮೆಷಿನ್ ಕಾನೂನಿನ ಪ್ರಕಾರ ಮೆಷಿನ್ ಜೊತೆ ಸೂಚನೆ ಕೊಡಲೇಬೇಕು, ಅದೂ ಬಳಸುವ ದೇಶದ ಅಧಿಕೃತ ಭಾಷೆಯಲ್ಲಿ. 2027ರ ಜನವರಿ 20ರಿಂದ ಅದರ ಜಾಗಕ್ಕೆ ಹೊಸ ನಿಯಮ ಬರುತ್ತದೆ. ಟೆಕೊಮ್ ಅಂತ 1978ರಿಂದ ಇರುವ ಜರ್ಮನಿಯ ಸಂಘ ಈ ಕಸುಬಿನವರಿಗೆ ಸರ್ಟಿಫಿಕೇಟ್ ಕೊಡುತ್ತದೆ. ಇದ್ದರೆ ಒಳ್ಳೆಯದು, ಇಲ್ಲ ಅಂತ ಹೆದರಬೇಡ. ಜರ್ಮನ್ ಮಾತ್ರ ಕಲಿ. ಬರೆಯೋದಕ್ಕಿಂತ ಮೊದಲು ಮೆಕ್ಯಾನಿಕ್‌ನ ಪಕ್ಕ ನಿಂತು ಕೇಳಬೇಕಲ್ಲ! ಮೊದಲ ವರ್ಷ ನಾನು ಸಂಕೋಚದಿಂದ ಕೇಳದೆ, ಡ್ರಾಯಿಂಗ್ ನೋಡಿಯೇ ಫಿಲ್ಟರ್ ಬದಲಿಸುವ ಕ್ರಮ ಬರೆದೆ. ಆ ಜಾಗಕ್ಕೆ ಸ್ಪ್ಯಾನರ್ ಹೋಗುತ್ತಿತ್ತು, ಕೈ ಹೋಗುತ್ತಿರಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಬರೆದೆ.

ಹಳೆ ಕಂಪನಿಯ ಕಾಗದ ಇಂಟರ್‌ವ್ಯೂನಲ್ಲಿ ತೋರಿಸಬೇಡ, ಅದು ಅವರದು. ಹೊರಡೋ ಮೊದಲು ಮನೆಯ ಯುಪಿಎಸ್ ಬ್ಯಾಟರಿಗೆ ನೀರು ಹಾಕುವ ಬಗ್ಗೆ ಒಂದು ಪುಟ ಬರಿ. ಅಮ್ಮನ ಕೈಗೆ ಕೊಡು. ಬಾಯಿ ಬಿಡದೆ ಸುಮ್ನೆ ನಿಂತು ನೋಡು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದು. ಮೊದಲು ಬರೆದದ್ದು, ತಿದ್ದಿದ್ದು, ಎರಡನ್ನೂ ನನಗೆ ಕಳಿಸು. ಒಟ್ಟಿಗೆ ಕೂತು ಜರ್ಮನ್‌ಗೆ ತರೋಣ.